ರೊಟ್ಟಿ ಕಾಯುವ ಒಡೆಯ, ಹಿಟ್ಟು ನಾದುವ ಒಡತಿ

ಇಂಗ್ಲಿಷ್ ಬಲಿಪೂಜೆಯಲ್ಲಿ ಭಾಗವಹಿಸುವಾಗ ನಾವು ಪ್ರಭುವನ್ನು 'ಲಾರ್ಡ್' ಎಂದು ಕರೆಯುತ್ತೇವೆ. ಮಾತೆ ಮರಿಯಮ್ಮನವರನ್ನು 'ಅವರ್ ಲೇಡಿ' ಎಂದು ಸಂಬೋಧಿಸುತ್ತೇವೆ. ದಿನನಿತ್ಯ ನಮ್ಮ ನಾಲಗೆಯ ಮೇಲೆ ಸುಳಿಯುವ ಈ ಎರಡು ಪದಗಳು ಹುಟ್ಟಿದ್ದು ಅರಮನೆಯಲ್ಲೂ ಅಲ್ಲ, ಯುದ್ಧರಂಗದಲ್ಲೂ ಅಲ್ಲ. ಅವು ಹುಟ್ಟಿದ್ದು ಹಿಟ್ಟು ನಾದುವ, ರೊಟ್ಟಿ ಬೇಯಿಸುವ ಮನೆಯಲ್ಲಿ. ಹಳೆಯ ಇಂಗ್ಲಿಷಿನಲ್ಲಿ 'ಹ್ಲಾಫ್' ಎಂದರೆ ರೊಟ್ಟಿ. 'ಹ್ಲಾಫ್‌ವೆಅರ್ಡ್' ಎಂದರೆ ರೊಟ್ಟಿಯನ್ನು ಕಾಯುವವನು. ಅದೇ ಸವೆದು ಸವೆದು 'ಲಾರ್ಡ್' ಆಯಿತು. 'ಹ್ಲಾಫ್‌ದಿಯೆ' ಎಂದರೆ ಹಿಟ್ಟು ನಾದುವವಳು. ಅದು 'ಲೇಡಿ' ಆಯಿತು. ಇನ್ನು ಆ ಮನೆಯ ಆಳಿಗೆ ಇದ್ದ ಹೆಸರು 'ಹ್ಲಾಫ್‌ಎಟಾ', ಅಂದರೆ ರೊಟ್ಟಿ ತಿನ್ನುವವನು.

ಒಂದು ಜನಾಂಗ ತನ್ನ ಯಜಮಾನನನ್ನು, ಯಜಮಾನಿಯನ್ನು, ಆಳನ್ನು ಮೂವರನ್ನೂ ರೊಟ್ಟಿಯ ಹೆಸರಿನಲ್ಲೇ ಗುರುತಿಸಿತೆಂದರೆ ಆ ಜನರ ಬದುಕಿನಲ್ಲಿ ಅನ್ನದ ಸ್ಥಾನ ಎಂಥದೆಂದು ಊಹಿಸಬಹುದು. ಅವರೇ ಆಂಗ್ಲೋ-ಸ್ಯಾಕ್ಸನ್ನರು. ಕ್ರಿ.ಶ. ಐದನೆಯ ಶತಮಾನದಲ್ಲಿ ಸಮುದ್ರ ದಾಟಿ ಬ್ರಿಟನ್ನಿಗೆ ಬಂದು ನೆಲೆಸಿದವರು. 1066ರಲ್ಲಿ ನಾರ್ಮನ್ನರಿಗೆ ಸೋಲುವವರೆಗೆ ಆ ನಾಡನ್ನು ಆಳಿದವರು. 597ರಲ್ಲಿ ಜಗದ್ಗುರು ಸಂತ ಮಹಾ ಗ್ರೆಗೊರಿಯವರು ಕಳುಹಿಸಿದ ಸಂತ ಅಗಸ್ಟೀನರು ಕೆಂಟ್ ಪ್ರಾಂತ್ಯಕ್ಕೆ ಬಂದಿಳಿದ ಮೇಲೆ ಈ ಜನ ಹಂತಹಂತವಾಗಿ ಕ್ರೈಸ್ತರಾದರು. ಅವರು ಏನು ಉಣ್ಣುತ್ತಿದ್ದರು, ಏನು ಕುಡಿಯುತ್ತಿದ್ದರು, ಉಪವಾಸ ಹೇಗೆ ಮಾಡುತ್ತಿದ್ದರು, ಉಣ್ಣಲು ಇಲ್ಲದಾಗ ಏನಾಗುತ್ತಿತ್ತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಉಳುವವನ ಬೆಳಗು

ಹತ್ತನೆಯ ಶತಮಾನದ ಕೊನೆಯಲ್ಲಿ ಎಲ್ಫ್ರಿಕ್ ಎಂಬ ಬೆನೆಡಿಕ್ಟೈನ್ ಗುರುಗಳಿದ್ದರು. ಮಠದ ಶಾಲೆಯ ಹುಡುಗರಿಗೆ ಲತೀನ್ ಕಲಿಸಲು ಅವರು ಒಂದು ಸಂಭಾಷಣೆಯ ಪುಸ್ತಕ ಬರೆದರು. ಒಬ್ಬ ಹುಡುಗ ರೈತನಾಗುತ್ತಾನೆ, ಇನ್ನೊಬ್ಬ ಕುರುಬ, ಮತ್ತೊಬ್ಬ ಬೆಸ್ತ, ಬೇರೊಬ್ಬ ಅಡುಗೆಯವ. ಗುರುಗಳು ಪ್ರಶ್ನೆ ಕೇಳುತ್ತಾರೆ, ಹುಡುಗರು ತಮ್ಮ ತಮ್ಮ ಪಾತ್ರದ ಕಷ್ಟಸುಖ ಹೇಳಿಕೊಳ್ಳುತ್ತಾರೆ. ವ್ಯಾಕರಣ ಕಲಿಸಲು ಬರೆದ ಈ ಚಿಕ್ಕ ಪುಸ್ತಕ ಇಂದು ನಮಗೆ ಅಂದಿನ ಬದುಕಿನ ಕನ್ನಡಿಯಾಗಿದೆ.

ಅದರಲ್ಲಿ ರೈತ ಹೇಳುವ ಮಾತು ಮನಸ್ಸನ್ನು ಕಲಕುತ್ತದೆ. ಬೆಳಕು ಹರಿಯುವ ಮುನ್ನವೇ ಅವನು ಎತ್ತುಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋಗಬೇಕು. ಎಂಥ ಚಳಿಯಿದ್ದರೂ ಮನೆಯಲ್ಲಿ ಉಳಿಯುವಂತಿಲ್ಲ, ಒಡೆಯನ ಭಯ. ದಿನಕ್ಕೆ ಒಂದು ಎಕರೆಗೆ ಕಡಿಮೆ ಉಳುವಂತಿಲ್ಲ. ಅವನ ಜೊತೆಗೆ ಮುಳ್ಳುಗೋಲು ಹಿಡಿದು ಎತ್ತು ಹೊಡೆಯುವ ಒಬ್ಬ ಹುಡುಗನಿದ್ದಾನೆ. ಚಳಿಗೆ ಮತ್ತು ಕೂಗಾಟಕ್ಕೆ ಆ ಹುಡುಗನ ಗಂಟಲೇ ಕಟ್ಟಿಹೋಗಿದೆ. ಇಷ್ಟು ದುಡಿತ ಏಕೆಂದರೆ, ರೈತ ತಾನು ಸ್ವತಂತ್ರನಲ್ಲ ಎನ್ನುತ್ತಾನೆ. ಅಂದಿನ ಇಂಗ್ಲೆಂಡಿನಲ್ಲಿ ಗುಲಾಮಗಿರಿ ಇತ್ತು. 1086ರಲ್ಲಿ ನಾರ್ಮನ್ ಅರಸ ಮಾಡಿಸಿದ 'ಡೂಮ್ಸ್‌ಡೇ' ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರಲ್ಲಿ ಸುಮಾರು ಹತ್ತರಲ್ಲೊಬ್ಬರು ಗುಲಾಮರೇ.

ಹೀಗೆ ಉತ್ತ ಹೊಲದಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್ ಬೆಳೆಯುತ್ತಿದ್ದರು. ಇವುಗಳಲ್ಲಿ ಗೋಧಿಗೆ ಮರ್ಯಾದೆ ಹೆಚ್ಚು. ಬಲಿಪೂಜೆಯ ರೊಟ್ಟಿಗೂ ಸಿರಿವಂತರ ಊಟಕ್ಕೂ ಅದೇ ಬೇಕು. ಬಡವರ ರೊಟ್ಟಿಯಲ್ಲಿ ಬಾರ್ಲಿ, ರೈ ಬೆರೆಯುತ್ತಿತ್ತು. ಕೊರತೆಯ ವರ್ಷಗಳಲ್ಲಿ ಅವರೆ, ಬಟಾಣಿಯಂಥ ಕಾಳಿನ ಹಿಟ್ಟೂ ಸೇರುತ್ತಿತ್ತು.

ಕಾಳನ್ನು ಹಿಟ್ಟು ಮಾಡುವ ಕೆಲಸ ಬಹುಕಾಲ ಹೆಂಗಸರ ಕೈಯಲ್ಲಿತ್ತು. ನಮ್ಮ ಅಜ್ಜಿಯರು ಬಳಸಿದಂಥದೇ ಬೀಸುವ ಕಲ್ಲು. ಕೆಂಟಿನ ಅರಸ ಎಥೆಲ್ಬರ್ಟ್ ಸುಮಾರು ಕ್ರಿ.ಶ. 600ರಲ್ಲಿ ಬರೆಸಿದ ಕಾನೂನು ಇಂಗ್ಲಿಷ್ ಭಾಷೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಕಾನೂನು. ಅದರಲ್ಲಿ ಅರಮನೆಯ 'ಬೀಸುವ ದಾಸಿ' ಎಂಬವಳ ಪ್ರಸ್ತಾಪವಿದೆ. ಅವಳ ಹೆಸರಿಲ್ಲ, ಅವಳ ಮಾನಭಂಗ ಮಾಡಿದವನು ತೆರಬೇಕಾದ ದಂಡದ ಮೊತ್ತ ಮಾತ್ರ ಇದೆ. ಅರಸನ ತಟ್ಟೆಯ ರೊಟ್ಟಿಯ ಹಿಂದೆ ಅಂಥ ಹೆಸರಿಲ್ಲದ ಕೈಗಳಿದ್ದವು. ಮುಂದೆ ನೀರಿನಿಂದ ತಿರುಗುವ ಗಿರಣಿಗಳು ಬಂದವು. ಟ್ಯಾಮ್‌ವರ್ತ್ ಎಂಬಲ್ಲಿ ಒಂಬತ್ತನೆಯ ಶತಮಾನದ ಅಂಥ ಒಂದು ಗಿರಣಿಯ ಮರದ ಭಾಗಗಳು ಭೂಮಿಯಡಿ ಸಿಕ್ಕಿವೆ. ಡೂಮ್ಸ್‌ಡೇ ಗಣತಿಯ ವೇಳೆಗೆ ದೇಶದಲ್ಲಿ ಸುಮಾರು ಆರು ಸಾವಿರ ಗಿರಣಿಗಳಿದ್ದವು.

ಕಲ್ಲಿನ ಪುಡಿ ಹಿಟ್ಟಿನೊಳಗೆ ಸೇರಿ ಆ ಜನರ ಹಲ್ಲುಗಳು ಬೇಗ ಸವೆಯುತ್ತಿದ್ದವು. ಸಮಾಧಿಗಳಲ್ಲಿ ಸಿಕ್ಕಿರುವ ತಲೆಬುರುಡೆಗಳು ಇದನ್ನು ತೋರಿಸುತ್ತವೆ. ಆದರೆ ಅವರ ಹಲ್ಲುಗಳಲ್ಲಿ ಹುಳುಕು ಕಡಿಮೆ. ಸಕ್ಕರೆ ಅವರ ನಾಡಿಗೆ ಬಂದಿರಲಿಲ್ಲ.

ಹೊಸ ರೊಟ್ಟಿಯ ಹಬ್ಬ

ಆಗಸ್ಟ್ 1ನ್ನು ಆಂಗ್ಲೋ-ಸ್ಯಾಕ್ಸನ್ನರು 'ಹ್ಲಾಫ್‌ಮಾಸ್' ಎಂದು ಕರೆಯುತ್ತಿದ್ದರು. ರೊಟ್ಟಿಯ ಪೂಜೆ ಎಂದು ಅದರ ಅರ್ಥ. ಆ ವರ್ಷದ ಮೊದಲ ಗೋಧಿಯಿಂದ ಮಾಡಿದ ರೊಟ್ಟಿಯನ್ನು ದೇವಾಲಯಕ್ಕೆ ತಂದು ಆಶೀರ್ವಾದ ಮಾಡಿಸುವ ದಿನವದು. ಇಂಗ್ಲಿಷಿನ 'ಲಮಾಸ್' ಎಂಬ ಹೆಸರು ಇದರಿಂದಲೇ ಬಂದದ್ದು. ಮೊಂತಿ ಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಒಯ್ಯುವ ಕರಾವಳಿಯ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಶೀರ್ವಾದ ಪಡೆದ ಆ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಕಣಜದ ನಾಲ್ಕು ಮೂಲೆಗಳಲ್ಲಿ ಇಟ್ಟರೆ ಕಾಳಿಗೆ ಕೇಡು ತಟ್ಟದೆಂಬ ನಂಬಿಕೆಯೂ ಇತ್ತೆಂದು ಹಳೆಯ ಹಸ್ತಪ್ರತಿಯೊಂದು ತಿಳಿಸುತ್ತದೆ.

ಆಗಸ್ಟ್ ತಿಂಗಳಿನಲ್ಲೇ ಈ ಹಬ್ಬ ಏಕೆಂದರೆ, ಅದಕ್ಕೆ ಹಿಂದಿನ ತಿಂಗಳು ವರ್ಷದಲ್ಲೇ ಅತ್ಯಂತ ಕಷ್ಟದ್ದು. ಹಳೆಯ ಕಾಳು ಮುಗಿದಿರುತ್ತದೆ, ಹೊಸದು ಇನ್ನೂ ಹೊಲದಲ್ಲೇ ಇರುತ್ತದೆ. ಹೊರಗೆ ಬೇಸಿಗೆಯ ಹಸಿರು, ಒಳಗೆ ಬರಿದಾದ ಕಣಜ. ಆ ಹಸಿವಿನ ವಾರಗಳನ್ನು ದಾಟಿ ಬಂದವರಿಗೆ ಮೊದಲ ರೊಟ್ಟಿಯ ಪರಿಮಳ ಎಂಥದ್ದಾಗಿತ್ತೆಂಬುದನ್ನು ಮಳೆಗಾಲದ ಕೊರತೆ ಉಂಡ ನಮ್ಮ ಹಿರಿಯರು ಬಲ್ಲರು.

ಒಲೆಯ ಮೇಲಿನ ಕಡಾಯಿ

ಮನೆಯ ನಡುವೆ ಒಲೆ, ಒಲೆಯ ಮೇಲೆ ತೂಗುಹಾಕಿದ ಕಡಾಯಿ. ಬಡವರ ಮನೆಯಲ್ಲಿ ಅದರೊಳಗೆ ದಿನವೂ ಬೇಯುತ್ತಿದ್ದದ್ದು ಕಾಳು ಸೊಪ್ಪು ಹಾಕಿದ ಗಟ್ಟಿ ಗಂಜಿ. ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿಯದೇ ಜಾತಿಯ ಲೀಕ್, ಕೋಸು, ಅವರೆ, ಬಟಾಣಿ ಇವು ಹಿತ್ತಿಲಿನ ಬೆಳೆಗಳು. ಲೀಕ್ ಎಷ್ಟು ಮುಖ್ಯವಾಗಿತ್ತೆಂದರೆ, ತರಕಾರಿ ತೋಟಕ್ಕೇ ಅವರ ಭಾಷೆಯಲ್ಲಿ 'ಲೀಕ್ ಹಿತ್ತಿಲು' ಎಂಬ ಹೆಸರು. ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ, ಮೆಣಸಿನಕಾಯಿ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಅವೆಲ್ಲ ಅಮೆರಿಕದಿಂದ ಬರಲು ಇನ್ನೂ ಶತಮಾನಗಳೇ ಇದ್ದವು.

ಹಾಲು ಬೇಸಿಗೆಯ ವರ. ವಂದನೀಯ ಬೀಡ್ ಎಂದು ಹೆಸರಾದ ಸಂತ ಬೀಡರು ತಮ್ಮ ಜನರ ಹಳೆಯ ತಿಂಗಳುಗಳ ಹೆಸರನ್ನು ಬರೆದಿಟ್ಟಿದ್ದಾರೆ. ಮೇ ತಿಂಗಳಿಗೆ 'ಮೂರು ಕರಾವಿನ ತಿಂಗಳು' ಎಂದು ಹೆಸರಿತ್ತು, ಆಗ ದನಗಳನ್ನು ದಿನಕ್ಕೆ ಮೂರು ಸಲ ಕರೆಯುತ್ತಿದ್ದರು. ನವೆಂಬರಿಗೆ 'ರಕ್ತದ ತಿಂಗಳು' ಎಂದು ಹೆಸರು. ಚಳಿಗಾಲಕ್ಕೆ ಮೇವು ಸಾಲದು, ಆದ್ದರಿಂದ ಹೆಚ್ಚುವರಿ ದನಗಳನ್ನು ಆಗ ಕಡಿಯುತ್ತಿದ್ದರು. ಕ್ರೈಸ್ತರಾಗುವ ಮೊದಲು ಅವುಗಳನ್ನು ದೇವತೆಗಳಿಗೆ ಬಲಿ ಕೊಡುತ್ತಿದ್ದರು.

ಕಡಿದ ಮಾಂಸ, ಕಡೆದ ಬೆಣ್ಣೆ, ಮಾಡಿದ ಚೀಸ್ ಇವೆಲ್ಲ ಕೆಡದಂತೆ ಉಳಿಯಲು ಉಪ್ಪು ಬೇಕು. ಎಲ್ಫ್ರಿಕರ ಪುಸ್ತಕದಲ್ಲಿ ಉಪ್ಪು ಮಾರುವವನು ಈ ಮಾತನ್ನೇ ಹೆಮ್ಮೆಯಿಂದ ಹೇಳುತ್ತಾನೆ. ರೊಟ್ಟಿ ಸುಡುವವನು ತಾನಿಲ್ಲದಿದ್ದರೆ ಯಾವ ಊಟದ ಮೇಜೂ ಬರಿದೇ ಎನ್ನುತ್ತಾನೆ. ಅಡುಗೆಯವನಂತೂ ತನ್ನನ್ನು ಹೊರಗೆ ಹಾಕಿದರೆ ಎಲ್ಲರೂ ಸೊಪ್ಪನ್ನೂ ಮಾಂಸವನ್ನೂ ಹಸಿಯಾಗಿಯೇ ತಿನ್ನಬೇಕಾದೀತೆಂದು ಎಚ್ಚರಿಸುತ್ತಾನೆ. ಕೊನೆಗೆ ಎಲ್ಲರಿಗೂ ಅನ್ನ ಕೊಡುವ ರೈತನೇ ಮುಖ್ಯನೆಂದೂ, ಪ್ರತಿಯೊಬ್ಬರೂ ತಮ್ಮ ಕಸುಬನ್ನು ಶ್ರದ್ಧೆಯಿಂದ ಮಾಡಿ ಒಬ್ಬರಿಗೊಬ್ಬರು ನೆರವಾಗಬೇಕೆಂದೂ ಅಲ್ಲಿ ತೀರ್ಮಾನವಾಗುತ್ತದೆ.

ಆಲ್ಫ್ರೆಡ್ ಮಹಾರಾಜ ರೊಟ್ಟಿ ಸೀದುಹೋಗಲು ಬಿಟ್ಟು ಬಡ ಹೆಂಗಸಿನಿಂದ ಬೈಸಿಕೊಂಡ ಕಥೆಯನ್ನು ಶಾಲೆಯಲ್ಲಿ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. 878ರಲ್ಲಿ ವೈಕಿಂಗರಿಂದ ತಲೆಮರೆಸಿಕೊಂಡಿದ್ದಾಗ ಇದು ನಡೆಯಿತೆಂದು ಹೇಳುತ್ತಾರೆ. ಈ ಕಥೆ ಆಲ್ಫ್ರೆಡ್ ತೀರಿಕೊಂಡು ಸುಮಾರು ನೂರು ವರ್ಷಗಳಾದ ಮೇಲೆ ಸಂತ ನಿಯೋಟರ ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಂಡ ದಂತಕಥೆ. ಆದರೂ ರೊಟ್ಟಿಯನ್ನು ಕಾಯಬೇಕಾದ ಒಡೆಯನೇ ರೊಟ್ಟಿ ಕಾಯುವುದನ್ನು ಮರೆತನೆಂಬ ಒಳಾರ್ಥ ಅದರಲ್ಲಿದೆ.

ಏಲ್, ಜೇನುಮದ್ಯ, ದ್ರಾಕ್ಷಾರಸ

ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ಕದಡಿ ಹುಳಿ ಬರಿಸಿದರೆ 'ಏಲ್' ಎಂಬ ಪಾನೀಯ ಸಿದ್ಧ. ಬಹುದಿನ ಇಟ್ಟರೆ ಕೆಡುತ್ತಿತ್ತು, ಆದ್ದರಿಂದ ಮತ್ತೆ ಮತ್ತೆ ಮಾಡಬೇಕಿತ್ತು. ಊಟದ ಜೊತೆಗೆ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಇದನ್ನು ಕುಡಿಯುತ್ತಿದ್ದರು. ಎಲ್ಫ್ರಿಕರ ಪುಸ್ತಕದ ಶಾಲಾ ಹುಡುಗ ಏಲ್ ಇದ್ದರೆ ಏಲ್, ಇಲ್ಲದಿದ್ದರೆ ನೀರು ಕುಡಿಯುವುದಾಗಿ ಹೇಳುತ್ತಾನೆ. ದ್ರಾಕ್ಷಾರಸ ಕೊಳ್ಳುವಷ್ಟು ಸಿರಿವಂತ ತಾನಲ್ಲವೆಂದೂ, ಅದು ವಯಸ್ಸೂ ವಿವೇಕವೂ ಉಳ್ಳವರ ಪಾನೀಯವೆಂದೂ ಸೇರಿಸುತ್ತಾನೆ.

ಜೇನಿನಿಂದ ಮಾಡುವ 'ಮೀಡ್' ಸಿರಿವಂತರ ಸಭೆಯ ಪಾನೀಯ. ಸಿಹಿಗೆ ಜೇನಲ್ಲದೆ ಬೇರೆ ಗತಿಯಿಲ್ಲ. ಅದೇ ಜೇನುಗೂಡಿನ ಮೇಣ ಪೂಜಾಪೀಠದ ಬತ್ತಿಗಳಿಗೆ ಬೇಕು. ಹೀಗಾಗಿ ಜೇನುಸಾಕಣೆಯವನಿಗೆ ಅಡುಗೆಮನೆಯಲ್ಲೂ ದೇವಾಲಯದಲ್ಲೂ ಬೇಡಿಕೆ. ದ್ರಾಕ್ಷಾರಸ ಹೆಚ್ಚಾಗಿ ಸಮುದ್ರದಾಚೆಯಿಂದ ಬರುತ್ತಿತ್ತು. ಬ್ರಿಟನ್ನಿನ ಕೆಲವೆಡೆ ದ್ರಾಕ್ಷಿ ಬೆಳೆಯುತ್ತಿತ್ತೆಂದು ಬೀಡರು 731ರಲ್ಲಿ ಮುಗಿಸಿದ ತಮ್ಮ ಧರ್ಮಸಭೆಯ ಇತಿಹಾಸದ ಆರಂಭದಲ್ಲೇ ತಿಳಿಸಿದ್ದಾರೆ.

ಕುಡಿತದ ಕೇಡೂ ಅವರಿಗೆ ಗೊತ್ತಿತ್ತು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಡನ್‌ಸ್ಟನರು ಕುಡಿಯುವ ಪಾತ್ರೆಗಳ ಒಳಗೆ ಅಳತೆಯ ಮೊಳೆಗಳನ್ನು ಬಡಿಸಿದ್ದರಂತೆ. ತನ್ನ ಪಾಲಿನ ಗುರುತು ಯಾವುದೆಂದು ಪ್ರತಿಯೊಬ್ಬನಿಗೂ ತಿಳಿದರೆ ಹೆಚ್ಚು ಕುಡಿದಿರೆಂಬ ಜಗಳವೇ ಹುಟ್ಟದು ಎಂಬುದು ಅವರ ಆಲೋಚನೆ. ಇದನ್ನು ಬರೆದವರು ಹನ್ನೆರಡನೆಯ ಶತಮಾನದ ಇತಿಹಾಸಕಾರ ಮಾಮ್ಸ್‌ಬರಿಯ ವಿಲಿಯಂ.

ಇಂಥದೇ ಒಂದು ಪಾನಗೋಷ್ಠಿಯಿಂದ ಇಂಗ್ಲಿಷ್ ಕಾವ್ಯದ ಮೊದಲ ಹೆಸರು ಹೊರಟಿತು. ವಿಟ್ಬಿಯಲ್ಲಿ ಸಂತ ಹಿಲ್ಡಾ ಮಠಾಧ್ಯಕ್ಷೆಯಾಗಿದ್ದ ಕಾಲ. ಊಟದ ನಂತರ ಹಾರ್ಪ್ ವಾದ್ಯ ಕೈಯಿಂದ ಕೈಗೆ ಹೋಗುತ್ತಿತ್ತು, ಪ್ರತಿಯೊಬ್ಬರೂ ಹಾಡಬೇಕು. ಕ್ಯಾಡ್ಮನ್ ಎಂಬ ದನ ಕಾಯುವವನಿಗೆ ಹಾಡು ಬಾರದು. ವಾದ್ಯ ತನ್ನತ್ತ ಬರುವುದನ್ನು ಕಂಡೊಡನೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದನು. ಒಂದು ರಾತ್ರಿ ಅಲ್ಲಿಯೇ ಮಲಗಿದ್ದಾಗ ಕನಸಿನಲ್ಲಿ ಯಾರೋ ಬಂದು ಸೃಷ್ಟಿಯನ್ನು ಹಾಡೆಂದರು, ಅವನು ಹಾಡಿದನು. ಮುಂದೆ ಮಠ ಸೇರಿದ ಅವನು ಪವಿತ್ರ ಗ್ರಂಥದ ಕಥೆಗಳನ್ನು ಕೇಳಿ, ದನ ಮೆಲುಕು ಹಾಕುವಂತೆ ಮನಸ್ಸಿನಲ್ಲಿ ಮೆಲುಕು ಹಾಕಿ, ಸವಿಯಾದ ಹಾಡಾಗಿಸುತ್ತಿದ್ದನೆಂದು ಬೀಡರು ಬರೆಯುತ್ತಾರೆ. ದನ ಕಾಯುವವನಿಗೆ ಇದಕ್ಕಿಂತ ತಕ್ಕ ಹೋಲಿಕೆ ಸಿಗಲಾರದು.

ಅರಸನ ಊಟದ ಪಟ್ಟಿ

ವೆಸೆಕ್ಸಿನ ಅರಸ ಈನೆ 688ರಿಂದ 726ರವರೆಗೆ ಆಳಿದವನು. ಅವನ ಕಾನೂನಿನಲ್ಲಿ ಹತ್ತು 'ಹೈಡ್' ಭೂಮಿಯಿಂದ ಸಲ್ಲಬೇಕಾದ ಆಹಾರದ ಪಟ್ಟಿಯಿದೆ. ಒಂದು ಹೈಡ್ ಎಂದರೆ ಒಂದು ಕುಟುಂಬ ಬದುಕುವಷ್ಟು ನೆಲ. ಪಟ್ಟಿ ಹೀಗಿದೆ: 10 ತೊಟ್ಟಿ ಜೇನು, 300 ರೊಟ್ಟಿ, 12 ಕೊಡ ವೆಲ್ಷ್ ಏಲ್, 30 ಕೊಡ ತಿಳಿ ಏಲ್, ಎರಡು ದೊಡ್ಡ ದನ ಅಥವಾ 10 ಟಗರು, 10 ಹೆಬ್ಬಾತು, 20 ಕೋಳಿ, 10 ಚೀಸ್, ಒಂದು ಕೊಡ ಬೆಣ್ಣೆ, 5 ಸಾಲ್ಮನ್ ಮೀನು, 100 ಹಾವುಮೀನು, ಜೊತೆಗೆ ದನಕುದುರೆಗಳಿಗೆ ಮೇವು.

ಈ ಪಟ್ಟಿಯನ್ನು ನೋಡಿ, ಅರಸರೂ ಸಿರಿವಂತರೂ ದಿನವೂ ಮಾಂಸ ತಿಂದು ಬದುಕುತ್ತಿದ್ದರು, ರೈತ ಗಂಜಿ ಕುಡಿದು ಅವರಿಗೆ ತೆರಿಗೆ ಹೊರುತ್ತಿದ್ದ ಎಂದು ಇತಿಹಾಸಕಾರರು ಬಹುಕಾಲ ನಂಬಿದ್ದರು. 2022ರಲ್ಲಿ ಸ್ಯಾಮ್ ಲೆಗೆಟ್ ಮತ್ತು ಟಾಮ್ ಲ್ಯಾಂಬರ್ಟ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ಅಧ್ಯಯನ ಈ ಚಿತ್ರವನ್ನು ಬದಲಿಸಿತು. ಮನುಷ್ಯ ಏನು ತಿಂದು ಬೆಳೆದನೆಂಬುದರ ಗುರುತು ಅವನ ಮೂಳೆಗಳಲ್ಲಿ ಉಳಿಯುತ್ತದೆ. ಐದರಿಂದ ಹನ್ನೊಂದನೆಯ ಶತಮಾನದವರೆಗೆ ಹೂಳಲ್ಪಟ್ಟ 2,023 ಮಂದಿಯ ಮೂಳೆಗಳ ರಾಸಾಯನಿಕ ಗುರುತುಗಳನ್ನು ನೋಡಿದಾಗ, ಸಿರಿವಂತರ ಸಮಾಧಿಯವರು ಬಡವರಿಗಿಂತ ಹೆಚ್ಚು ಮಾಂಸ ತಿಂದ ಲಕ್ಷಣ ಕಾಣಲಿಲ್ಲ. ದಿನದ ಊಟ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ: ರೊಟ್ಟಿ, ಕಾಳು, ಸೊಪ್ಪು, ಸ್ವಲ್ಪ ಚೀಸ್, ಅಪರೂಪಕ್ಕೆ ಮಾಂಸ.

ಹಾಗಾದರೆ ಪಟ್ಟಿ ಯಾವುದರದು? ಅದು ಒಂದು ದೊಡ್ಡ ಔತಣದ ಪಟ್ಟಿ ಎನ್ನುತ್ತಾರೆ ಅವರು. ತಲೆಗೊಂದು ರೊಟ್ಟಿಯಂತೆ ಲೆಕ್ಕ ಹಾಕಿದರೆ 300 ಜನರ ಊಟ. ತಲಾ ಅರ್ಧ ಕಿಲೋ ಕುರಿಮಾಂಸ, ಅರ್ಧ ಕಿಲೋ ದನದ ಮಾಂಸ, ಮೀನು ಕೋಳಿ ಸೇರಿ ಇನ್ನರ್ಧ ಕಿಲೋ, ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಕ್ಯಾಲೊರಿ. ಅರಸನ ಪರಿವಾರ ಎಷ್ಟೇ ದೊಡ್ಡದಿದ್ದರೂ ಇಷ್ಟು ಜನರಾಗರು. ಆದ್ದರಿಂದ ಊರಿನ ರೈತರೂ ಆ ಪಂಕ್ತಿಯಲ್ಲಿ ಕುಳಿತಿರಲೇಬೇಕು. ಅರಸ ಹಳ್ಳಿಗೆ ಬಂದಾಗ ಹಳ್ಳಿಯವರೇ ಅವನಿಗೆ ಊಟ ಹಾಕಿ, ಅವನ ಜೊತೆಗೇ ಕುಳಿತು ಉಣ್ಣುತ್ತಿದ್ದರು.

ಗುಡಿಯ ಸುತ್ತಲಿನ ಚಪ್ಪರ

ಊಟದ ಪಂಕ್ತಿಗೆ ಜನರನ್ನು ಒಂದುಗೂಡಿಸುವ ಶಕ್ತಿಯಿದೆ ಎಂಬುದನ್ನು ಜಗದ್ಗುರು ಗ್ರೆಗೊರಿಯವರು ಚೆನ್ನಾಗಿ ಅರಿತಿದ್ದರು. 601ರಲ್ಲಿ ಅವರು ಮೆಲ್ಲಿಟಸ್ ಎಂಬ ಗುರುಗಳಿಗೆ ಒಂದು ಪತ್ರ ಬರೆದರು. ಇಂಗ್ಲಿಷರ ಹಳೆಯ ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನು ತೆಗೆದು ತೀರ್ಥ ಚಿಮುಕಿಸಿ ದೇವಾಲಯ ಮಾಡಿಕೊಳ್ಳಿ ಎಂದರು. ಅವರಿಗೆ ಎತ್ತುಗಳನ್ನು ಬಲಿ ಕೊಡುವ ರೂಢಿಯಿದೆ. ಅದನ್ನು ಒಮ್ಮೆಲೇ ಕಿತ್ತುಹಾಕುವ ಬದಲು, ದೇವಾಲಯದ ಪ್ರತಿಷ್ಠೆಯ ದಿನ ಅಥವಾ ರಕ್ತಸಾಕ್ಷಿಗಳ ಹಬ್ಬದ ದಿನ ಸುತ್ತಲೂ ಮರದ ಕೊಂಬೆಗಳ ಚಪ್ಪರ ಹಾಕಿಕೊಂಡು, ಪ್ರಾಣಿಗಳನ್ನು ತಮ್ಮ ಊಟಕ್ಕಾಗಿ ಕಡಿದು, ಎಲ್ಲವನ್ನೂ ಕೊಟ್ಟ ದೇವರನ್ನು ಸ್ತುತಿಸುತ್ತಾ ಉಣ್ಣಲಿ ಎಂದರು. ಬೆಟ್ಟ ಏರುವವನು ಹಾರಿ ಏರುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿಯೇ ಏರುತ್ತಾನೆ ಎಂಬುದು ಅವರ ಭಾವ. ನಮ್ಮ ಧರ್ಮಕೇಂದ್ರಗಳ ವಾರ್ಷಿಕ ಹಬ್ಬದಲ್ಲಿ ಪೂಜೆಯ ನಂತರ ಚಪ್ಪರದಡಿ ಕುಳಿತು ಊಟ ಮಾಡುವಾಗ ಈ ಪತ್ರ ನೆನಪಾಗಬೇಕು.

ಉಪವಾಸ ಮತ್ತು ಮೀನು

ಹಬ್ಬವಿದ್ದಂತೆಯೇ ಉಪವಾಸವೂ ಇತ್ತು. ತಪಸ್ಸುಕಾಲದಲ್ಲಿ ಮಾಂಸವಿಲ್ಲ. ಶುಕ್ರವಾರಗಳೂ ಹಬ್ಬದ ಹಿಂದಿನ ದಿನಗಳೂ ಉಪವಾಸದ ದಿನಗಳು. ಆಗ ಕೈಹಿಡಿಯುತ್ತಿದ್ದದ್ದು ಅವರೆಕಾಳು ಮತ್ತು ಮೀನು. ಹೊಳೆ ಕೆರೆಗಳಲ್ಲಿ ಹಾವುಮೀನು ಧಾರಾಳ. ಸಂತ ಎಥೆಲ್ಡ್ರೆಡಾ ಅವರ ಮಠವಿದ್ದ ಈಲಿ ಊರಿಗೆ ಆ ಹೆಸರು ಬಂದದ್ದೇ ಅಲ್ಲಿನ ಹಾವುಮೀನುಗಳಿಂದ ಎಂದು ಬೀಡರು ಹೇಳುತ್ತಾರೆ. ಕ್ರಿ.ಶ. 1000ರ ಆಸುಪಾಸಿನಿಂದ ಸಮುದ್ರದ ಮೀನುಗಳಾದ ಹೆರ್ರಿಂಗ್ ಮತ್ತು ಕಾಡ್‌ಗಳ ಮೂಳೆಗಳು ಪಟ್ಟಣಗಳ ಕಸದ ಗುಂಡಿಗಳಲ್ಲಿ ಥಟ್ಟನೆ ಹೆಚ್ಚುತ್ತವೆ. ಪಟ್ಟಣಗಳು ಬೆಳೆದದ್ದೂ ಉಪವಾಸದ ನಿಯಮ ಬಿಗಿಯಾದದ್ದೂ ಇದಕ್ಕೆ ಕಾರಣವಿರಬೇಕೆಂದು ವಿದ್ವಾಂಸರು ಹೇಳುತ್ತಾರೆ.

ಸಂತ ಕತ್ಬರ್ಟರ ಉಪವಾಸ ಇನ್ನೊಂದು ಬಗೆಯದು. ಫಾರ್ನ್ ದ್ವೀಪದಲ್ಲಿ ಏಕಾಂತವಾಸಿಯಾಗಿದ್ದ ಅವರು ಇತರರಿಗೆ ಹೊರೆಯಾಗಬಾರದೆಂದು ತಾವೇ ಗೋಧಿ ಬಿತ್ತಿದರು, ಅದು ಮೊಳೆಯಲಿಲ್ಲ. ಕಾಲ ಮೀರಿದ ಮೇಲೆ ಬಾರ್ಲಿ ಬಿತ್ತಿದರು, ಅದು ಹುಲುಸಾಗಿ ಬಂತು. 687ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಬಿರುಗಾಳಿಯಿಂದ ಐದು ದಿನ ಯಾರೂ ದ್ವೀಪಕ್ಕೆ ಬರಲಾಗಲಿಲ್ಲ. ಕೊನೆಗೆ ಬಂದವರಿಗೆ ಅವರು ಹೊದಿಕೆಯಡಿ ಇಟ್ಟುಕೊಂಡಿದ್ದ ಐದು ಈರುಳ್ಳಿಗಳನ್ನು ತೋರಿಸಿದರು. ಅವುಗಳಲ್ಲಿ ಒಂದನ್ನು ಮಾತ್ರ, ಅದೂ ಅರ್ಧಕ್ಕಿಂತ ಕಡಿಮೆ, ಕಚ್ಚಲಾಗಿತ್ತು.

ನಮ್ಮ ಘಟ್ಟದ ಮೆಣಸು

ಈ ದೂರದ ಜನರ ಊಟಕ್ಕೂ ನಮ್ಮ ನಾಡಿಗೂ ಒಂದು ಎಳೆ ಇದೆ. 735ರಲ್ಲಿ ಸ್ವರ್ಗಾರೋಹಣ ಹಬ್ಬದ ಹೊತ್ತಿಗೆ ಜಾರೋ ಮಠದಲ್ಲಿ ಬೀಡರು ಸಾಯುವ ಸ್ಥಿತಿಯಲ್ಲಿದ್ದರು. ತಮ್ಮ ಚಿಕ್ಕ ಪೆಟ್ಟಿಗೆಯಲ್ಲಿ ಬೆಲೆಬಾಳುವ ಕೆಲವು ವಸ್ತುಗಳಿವೆ, ಮಠದ ಗುರುಗಳನ್ನು ಕರೆಯಿರಿ, ಹಂಚಿಬಿಡುತ್ತೇನೆ ಎಂದರು. ಪೆಟ್ಟಿಗೆಯಲ್ಲಿದ್ದದ್ದು ಕರಿಮೆಣಸು, ವಸ್ತ್ರದ ತುಂಡುಗಳು, ಧೂಪ. ಬಳಿಯಲ್ಲೇ ಇದ್ದ ಶಿಷ್ಯರೊಬ್ಬರು ಪತ್ರದಲ್ಲಿ ಬರೆದ ಸಂಗತಿಯಿದು. ಆ ಕಾಲದಲ್ಲಿ ಯೂರೋಪಿಗೆ ಕರಿಮೆಣಸು ಹೋಗುತ್ತಿದ್ದದ್ದು ದಕ್ಷಿಣ ಭಾರತದ ಪಶ್ಚಿಮ ಘಟ್ಟಗಳ ತಪ್ಪಲಿನಿಂದ. ಕೈಯಿಂದ ಕೈಗೆ, ಹಡಗಿನಿಂದ ಹಡಗಿಗೆ ದಾಟಿ, ಉತ್ತರ ಇಂಗ್ಲೆಂಡಿನ ಬಡ ಸನ್ಯಾಸಿಯೊಬ್ಬರ ಪೆಟ್ಟಿಗೆ ಸೇರಿ, ಅವರ ಕೊನೆಯ ದಾನವಾಗಿ ಅದು ಹಂಚಿಹೋಯಿತು. 883ರಲ್ಲಿ ಆಲ್ಫ್ರೆಡ್ ಅರಸನು ಭಾರತದಲ್ಲಿನ ಸಂತ ತೋಮರಿಗೂ ಸಂತ ಬಾರ್ತಲೋಮೆಯರಿಗೂ ಕಾಣಿಕೆ ಕಳುಹಿಸಿದನೆಂದು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ ಕೆಲವು ಪ್ರತಿಗಳಲ್ಲಿದೆ.

ರೊಟ್ಟಿಗಾಗಿ ತಲೆ ಕೊಟ್ಟವರು

ಪ್ರಿಯ ಓದುಗರೇ, ಇಲ್ಲಿಯವರೆಗೆ ಉಂಡವರ ಕಥೆಯಾಯಿತು. ಉಣ್ಣಲು ಇಲ್ಲದವರ ಕಥೆ ಹೇಳದಿದ್ದರೆ ಈ ಇತಿಹಾಸ ಅರ್ಧವೇ ಆದೀತು.

ಒಂದು ಜಮೀನಿನ ಆಡಳಿತದ ಬಗ್ಗೆ ಹನ್ನೊಂದನೆಯ ಶತಮಾನದ ಬರಹವೊಂದಿದೆ. ಗುಲಾಮನಿಗೆ ವರ್ಷಕ್ಕೆ ಅಂದಿನ ಅಳತೆಯಲ್ಲಿ 12 ಪೌಂಡು ಕಾಳು, ಎರಡು ಕುರಿ, ಒಂದು ಹಸು. ಗುಲಾಮ ಹೆಂಗಸಿಗೆ 8 ಪೌಂಡು ಕಾಳು, ಚಳಿಗಾಲಕ್ಕೆ ಒಂದು ಕುರಿ ಅಥವಾ ಮೂರು ಬಿಡಿಕಾಸು, ತಪಸ್ಸುಕಾಲಕ್ಕೆ ಒಂದು ಅಳತೆ ಅವರೆಕಾಳು, ಬೇಸಿಗೆಗೆ ಚೀಸ್ ಮಾಡಿ ಉಳಿದ ತಿಳಿನೀರು ಅಥವಾ ಒಂದು ಬಿಡಿಕಾಸು. ಕ್ರಿಸ್ತಜಯಂತಿಗೆ ಮತ್ತು ಪಾಸ್ಖಹಬ್ಬಕ್ಕೆ ಎಲ್ಲರಿಗೂ ಬೇರೆಯಾಗಿ ಆಹಾರ ಕೊಡಬೇಕು. ಈ ಲೆಕ್ಕ ನಮಗೆ ಕಠೋರವಾಗಿ ಕಾಣುತ್ತದೆ. ಆದರೆ ಗುಲಾಮನಿಗೂ ಇಷ್ಟು ಸಲ್ಲಲೇಬೇಕೆಂದು ಬರೆದಿಟ್ಟರೆಂಬುದೂ ನಿಜ. ರೊಟ್ಟಿ ಕಾಯುವವನು ರೊಟ್ಟಿ ತಿನ್ನುವವನಿಗೆ ಉಣಿಸಲೇಬೇಕು.

ಬೆಳೆ ಕೈಕೊಟ್ಟಾಗ ಈ ಏರ್ಪಾಡು ಭಯಾನಕ ರೂಪ ತಾಳುತ್ತಿತ್ತು. 976ರಲ್ಲಿ, ಮತ್ತೆ 1005ರಲ್ಲಿ ದೇಶದಲ್ಲೆಲ್ಲ ದೊಡ್ಡ ಕ್ಷಾಮ ಬಂತೆಂದು ವೃತ್ತಾಂತ ದಾಖಲಿಸಿದೆ. ಅಂಥ ದಿನಗಳಲ್ಲಿ ಸ್ವತಂತ್ರನಾದ ಬಡವನ ಬಳಿ ಮಾರಲು ಉಳಿದಿದ್ದದ್ದು ತನ್ನ ದೇಹ ಒಂದೇ. ಅವನು ಸಿರಿವಂತರ ಬಳಿ ಹೋಗಿ ತಲೆಬಾಗಿ ಅವರ ಗುಲಾಮನಾಗುತ್ತಿದ್ದನು, ಬದಲಿಗೆ ಊಟ ಸಿಗುತ್ತಿತ್ತು. ಡರ್ಹಮಿನ ಸಂತ ಕತ್ಬರ್ಟರ ಮಠದ ಪುಸ್ತಕದಲ್ಲಿ ಗೀಟ್‌ಫ್ಲೆಡ್ ಎಂಬ ಹೆಂಗಸಿನ ಒಂದು ಬಿಡುಗಡೆ ಪತ್ರವಿದೆ. ದೇವರ ಪ್ರೀತಿಗಾಗಿಯೂ ತನ್ನ ಆತ್ಮದ ಒಳಿತಿಗಾಗಿಯೂ ಆಕೆ ಕೆಲವರ ಹೆಸರು ಹಿಡಿದು ಅವರನ್ನು ಸ್ವತಂತ್ರಗೊಳಿಸುತ್ತಾಳೆ. ಆ ಕೆಟ್ಟ ದಿನಗಳಲ್ಲಿ ಊಟಕ್ಕೆ ಬದಲಾಗಿ ಯಾರ ಯಾರ ತಲೆಗಳನ್ನು ತಾನು ಪಡೆದಿದ್ದೆನೋ ಅವರೆಲ್ಲರನ್ನೂ ಬಿಡುತ್ತಾಳೆ. ರೊಟ್ಟಿ ಕೊಟ್ಟು ಜನರನ್ನು ಕೊಂಡದ್ದು ಕಾನೂನಿಗೆ ಒಪ್ಪಿತವೇ ಆಗಿತ್ತು. ದೇವರ ಮುಂದೆ ಅದು ಸಲ್ಲದೆಂದು ಆಕೆಯ ಮನಸ್ಸಾಕ್ಷಿ ಹೇಳಿತು.

ಸುಮಾರು 681ರಲ್ಲಿ ಸಂತ ವಿಲ್ಫ್ರಿಡರು ಸಸೆಕ್ಸಿಗೆ ಬಂದಾಗ ಅಲ್ಲಿ ಮೂರು ವರ್ಷಗಳಿಂದ ಮಳೆಯಿರಲಿಲ್ಲ. ಹಸಿವು ತಾಳಲಾರದೆ ನಲವತ್ತು ಐವತ್ತು ಮಂದಿ ಒಟ್ಟಾಗಿ ಕಡಲ ತೀರದ ಬಂಡೆಗೆ ಹೋಗಿ, ಕೈ ಕೈ ಹಿಡಿದು ಕೆಳಗೆ ಹಾರುತ್ತಿದ್ದರೆಂದು ಬೀಡರು ಬರೆದಿದ್ದಾರೆ. ಎದುರಿಗೆ ಮೀನು ತುಂಬಿದ ಕಡಲು. ಆದರೆ ಆ ಜನರಿಗೆ ಗೊತ್ತಿದ್ದದ್ದು ಹೊಳೆಯ ಹಾವುಮೀನು ಹಿಡಿಯುವುದು ಮಾತ್ರ. ಧರ್ಮಾಧ್ಯಕ್ಷರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮೀನು ಹಿಡಿಯಲು ಕಲಿಸಿದ್ದು. ಅವರ ಜೊತೆಗಾರರು ಊರವರ ಹಾವುಮೀನಿನ ಬಲೆಗಳನ್ನೇ ಒಟ್ಟುಗೂಡಿಸಿ ಕಡಲಿಗೆ ಬೀಸಿದರು. 300 ಮೀನು ಸಿಕ್ಕಿತು. ಮೂರು ಪಾಲು ಮಾಡಿದರು: ನೂರು ಬಡವರಿಗೆ, ನೂರು ಬಲೆ ಕೊಟ್ಟವರಿಗೆ, ನೂರು ತಮಗೆ. ಜನರು ಸ್ನಾನದೀಕ್ಷೆ ಪಡೆದ ದಿನವೇ ಮಳೆಯೂ ಸುರಿಯಿತು. ಮುಂದೆ ಅರಸನು ವಿಲ್ಫ್ರಿಡರಿಗೆ ಸೆಲ್ಸಿಯಲ್ಲಿ ಭೂಮಿ ಕೊಟ್ಟಾಗ ಅದರ ಜೊತೆಗೆ 250 ಗುಲಾಮ ಗಂಡಸರೂ ಹೆಂಗಸರೂ ಬಂದರು. ಅವರೆಲ್ಲರಿಗೂ ದೀಕ್ಷೆ ಕೊಟ್ಟು, ಗುಲಾಮಗಿರಿಯಿಂದಲೂ ಬಿಡುಗಡೆ ಮಾಡಿದರು.

ಒಡೆದ ಬೆಳ್ಳಿ ತಟ್ಟೆ

ನಾರ್ತಂಬ್ರಿಯಾದ ಅರಸ ಸಂತ ಓಸ್ವಾಲ್ಡರು 634ರಿಂದ 642ರವರೆಗೆ ಆಳಿದರು. ಒಂದು ಪಾಸ್ಖಹಬ್ಬದ ದಿನ ಅವರು ಧರ್ಮಾಧ್ಯಕ್ಷ ಸಂತ ಐಡನರೊಡನೆ ಊಟಕ್ಕೆ ಕುಳಿತರು. ಎದುರಿಗೆ ದೊಡ್ಡ ಬೆಳ್ಳಿಯ ತಟ್ಟೆ, ಅದರ ತುಂಬ ಅರಸರಿಗೆ ತಕ್ಕ ಭಕ್ಷ್ಯ. ಇನ್ನೇನು ಊಟಕ್ಕೆ ಆಶೀರ್ವಾದ ಮಾಡಬೇಕು, ಅಷ್ಟರಲ್ಲಿ ಬಡವರ ನೆರವಿನ ಹೊಣೆ ಹೊತ್ತಿದ್ದ ಸೇವಕ ಒಳಗೆ ಬಂದು, ಎಲ್ಲೆಡೆಯಿಂದ ಬಂದ ಬಡಜನ ಬೀದಿಯಲ್ಲಿ ಕುಳಿತು ಅರಸರಿಂದ ಏನಾದರೂ ಬೇಡುತ್ತಿದ್ದಾರೆಂದು ತಿಳಿಸಿದನು. ಓಸ್ವಾಲ್ಡರು ತಮ್ಮ ಮುಂದಿದ್ದ ಊಟವನ್ನೆಲ್ಲ ಅವರಿಗೆ ಒಯ್ಯಲು ಹೇಳಿದರು. ಅಷ್ಟಕ್ಕೆ ನಿಲ್ಲಿಸದೆ, ತಟ್ಟೆಯನ್ನೂ ತುಂಡು ತುಂಡು ಮಾಡಿ ಹಂಚಿರೆಂದರು. ಐಡನರು ಅರಸರ ಬಲಗೈ ಹಿಡಿದು, ಈ ಕೈ ಎಂದಿಗೂ ನಾಶವಾಗದಿರಲಿ ಎಂದು ಹರಸಿದರು. ರಣರಂಗದಲ್ಲಿ ಮಡಿದ ಓಸ್ವಾಲ್ಡರ ಆ ಕೈ ತಮ್ಮ ಕಾಲದಲ್ಲೂ ಬಾಂಬರೋ ಊರಿನಲ್ಲಿ ಕೆಡದೆ ಉಳಿದಿತ್ತೆಂದು ಬೀಡರು ಬರೆಯುತ್ತಾರೆ.

'ಲಾರ್ಡ್' ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಿಘಂಟಿನಲ್ಲಿ ಸಿಗದು. ರೊಟ್ಟಿ ಕಾಯುವುದೆಂದರೆ ಬೀಗ ಹಾಕಿ ಕೂಡಿಡುವುದೂ ಆಗಬಹುದು, ಹಸಿದವರ ತಲೆ ಕೊಳ್ಳುವುದೂ ಆಗಬಹುದು. ಬಾಗಿಲಲ್ಲಿ ನಿಂತವರಿಗೆ ತಟ್ಟೆಯ ಸಮೇತ ಹಂಚುವುದೂ ಆಗಬಹುದು. ಆಂಗ್ಲೋ-ಸ್ಯಾಕ್ಸನ್ನರಲ್ಲಿ ಈ ಮೂರೂ ಬಗೆಯ ಒಡೆಯರಿದ್ದರು. ಇಂದು ನಮ್ಮ ಮನೆಗಳಲ್ಲೂ ಅಕ್ಕಿಯ ಡಬ್ಬದ ಮುಚ್ಚಳ ತೆಗೆಯುವವರು, ಮನೆಗೆಲಸದವರಿಗೆ ಊಟ ಬಡಿಸುವವರು, ಹಬ್ಬದ ದಿನ ಗೇಟಿನ ಬಳಿ ನಿಂತವರನ್ನು ಮೊದಲು ನೋಡುವವರು ಯಾರಾದರೂ ಇದ್ದೇ ಇರುತ್ತಾರೆ. ಹಳೆಯ ಅರ್ಥದಲ್ಲಿ ಅವರೇ ಆ ಮನೆಯ ಲಾರ್ಡ್, ಅವರೇ ಲೇಡಿ. ಅನುದಿನದ ರೊಟ್ಟಿಗಾಗಿ ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದು 'ನನಗೆ' ಎಂದಲ್ಲ, 'ನಮಗೆ' ಎಂದು. ಆ ಒಂದು ಪದದೊಳಗೆ ಯಾರು ಯಾರು ಸೇರುತ್ತಾರೆಂದು ಮುಂದಿನ ಹಬ್ಬದ ಊಟಕ್ಕೆ ಎಲೆ ಹಾಕುವ ಮೊದಲು ಎಣಿಸಿ ನೋಡೋಣ.